ಕನ್ನಡಕದ ಹುಡುಗ ಬಾಯಿ ಬಿಡುವ ದಿನ

"ಅವನು ಹೇಳಿದ ದಿನ ನಾನು ಡ್ಯೂಟಿಗೆ ಹೋಗುದಿಲ್ಲ. ಮನೇಲೇ ಕೂತು ಇಬ್ರೂ ಒಟ್ಟಿಗೆ ಓದ್ವ, ಆತಾ?"

ಮಂಗಲಾ ಮಗಳಿಗೆ ಹೀಗೆ ಮಾತು ಕೊಟ್ಟಾಗ ಅರ್ಚಿತಾಗೆ ಹನ್ನೊಂದು ವರ್ಷ. ಕಾಮಾಲೆ ಬಂದು ಹದಿನೈದು ದಿನ ಶಾಲೆ ತಪ್ಪಿಸಿಕೊಂಡಿದ್ದ ಹುಡುಗಿ ಹೊಳನಗದ್ದೆಯ ಮನೆಯಲ್ಲಿ ಚಾಪೆಯ ಮೇಲೆ ಮಲಗಿ, ಫೋನಿನಲ್ಲಿ ಜಪಾನಿನ ಕಾಮಿಕ್ ಚಿತ್ರಕತೆಯೊಂದನ್ನು ಇಂಗ್ಲಿಷಿನಲ್ಲಿ ಓದಿ ಅಳುತ್ತಿದ್ದಳು. ಕನ್ನಡಕದ ಹುಡುಗನೊಬ್ಬನಿಗೆ ತರಗತಿಯ ಜುಟ್ಟಿನ ಹುಡುಗಿಯ ಮೇಲೆ ಪ್ರೀತಿ. ಹೇಳಲು ಮಾತ್ರ ಬಾಯಿ ಬರುವುದಿಲ್ಲ. ಕತೆ ಇಷ್ಟೇ, ಭಾನುವಾರಕ್ಕೊಂದು ಅಧ್ಯಾಯ. ಕುಮಟಾ-ಭಟ್ಕಳ ಬಸ್ಸಿನ ಕಂಡಕ್ಟರ್ ಮಂಗಲಾ, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಹೆಚ್ಚೆಂದರೆ ಎರಡು ತಿಂಗಳಲ್ಲಿ ಮುಗಿಯುವ ಸಂಗತಿ ಎಂದುಕೊಂಡೇ ಮಾತು ಕೊಟ್ಟಳು.

ಏಳು ವರ್ಷವಾಯಿತು.

ಹುಡುಗ ಹೇಳಲು ಹೊರಟಾಗಲೆಲ್ಲ ಏನಾದರೊಂದು. ಒಮ್ಮೆ ಪಟಾಕಿಯ ಸದ್ದು, ಒಮ್ಮೆ ರೈಲು, ಒಮ್ಮೆ ಅವಳಿಗೆ ಜ್ವರ, ಇನ್ನೊಮ್ಮೆ ಅವನ ಚಿಕ್ಕಂದಿನ ಗೆಳತಿ ದೂರದೂರಿನಿಂದ ಬಂದಿಳಿದು ಅರವತ್ತು ಅಧ್ಯಾಯ ನುಂಗಿಹಾಕಿದಳು. ಭಾನುವಾರ ಮಂಗಲಾ ಡ್ಯೂಟಿ ಮುಗಿಸಿ ಬಂದು ಮೀನು ಶುಚಿ ಮಾಡಲು ಕೂತರೆ ಅರ್ಚಿತಾ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಆ ವಾರದ ಕತೆ ಹೇಳಬೇಕು. ಗಂಡ ಬೀರಪ್ಪ ಗೋವಾದ ಬೋಟಿನಲ್ಲಿ. ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಬೈಯಬೇಕಾದರೂ ಆ ಹುಡುಗನನ್ನು ಮಧ್ಯಕ್ಕೆ ಎಳೆದೇ ಬೈಯುವುದು. "ನೀನೂ ಆ ಕನ್ನಡಕದವನ ಹಾಂಗೆ, ಬಾಯಲ್ಲಿ ಎಂತ ಇಟ್ಕಂಡೀದೆ?" ಎಂದರೆ ಮಗಳು ಕಾಲೇಜಿನ ಗುಟ್ಟು ಬಿಡುತ್ತಿದ್ದಳು.

ಡ್ರೈವರ್ ತಿಮ್ಮಪ್ಪನಿಗೂ ಅಲ್ಪಸ್ವಲ್ಪ ಕತೆ ಗೊತ್ತಿತ್ತು. "ಇನ್ನೂ ಹೇಳ್ಲಿಲ್ವನೆ ಅಂವ? ವರ್ಷಗಟ್ಲೆ ಮುಗೀದ ನಮ್ಮ ಹೆದ್ದಾರಿ ಕೆಲ್ಸ ಅವನ ಕೈಲೇ ಕೊಟ್ಟದ್ದಾಗಿರ್ಬೇಕು" ಎನ್ನುತ್ತಿದ್ದ.

ಕಳೆದ ಜೂನಿನ ಒಂದು ಭಾನುವಾರ ಹುಡುಗ ಕೊನೆಗೂ ಬಾಯಿ ತೆರೆದ. ಅಷ್ಟರಲ್ಲಿ ಎಲ್ಲಿಂದಲೋ ಬಂದ ಚೆಂಡು ತಲೆಗೆ ಬಡಿದು ಹಿಂದಿನದೆಲ್ಲ ಮರೆತುಹೋಯಿತು.

ಅರ್ಚಿತಾ ಕೂಗಾಡಲಿಲ್ಲ. ಫೋನು ಕೆಳಗಿಟ್ಟಳು. "ಆತು ಆಯಿ. ಇನ್ನು ನಾ ಇದನ್ನ ಓದುದಿಲ್ಲ. ಏಳು ವರ್ಷ ಕಾದವರಿಗೆ ಚೆಂಡು ತೋರಿಸ್ತಾರೆ."

ಓದಲೂ ಇಲ್ಲ. ಅದರ ಮುಂದಿನ ಭಾನುವಾರ ಮೀನಿನ ಎದುರು ಮಂಗಲಾ ಒಬ್ಬಳೇ ಕೂತಳು. ಮಗಳು ಊಟಕ್ಕೆ ಬಂದಳು, ತಟ್ಟೆ ತೊಳೆದಳು, ಒಳಗೆ ಹೋದಳು. "ಕಾಲೇಜು ಹೆಂಗಿತ್ತು?" "ಇತ್ತು." ಒಂದು ತಿಂಗಳು ಹೀಗೇ ನಡೆದ ಮೇಲೆ ಮಂಗಲಾಗೆ ಗಾಬರಿಯಾಯಿತು. ತಾಯಿ ಮಗಳು ಏಳು ವರ್ಷ ಆಡಿದ್ದೆಲ್ಲ ಕತೆಯ ಆ ಇಬ್ಬರ ಮೂಲಕವೇ ಆಡಿದ್ದು. ಅವರು ಹೋದ ಮೇಲೆ ನೇರವಾಗಿ ಆಡುವ ಮಾತು ತನ್ನ ಬಳಿ ಒಂದೂ ಇಲ್ಲವೆಂದು ಅವಳಿಗೆ ತಿಳಿಯಿತು.

ಬೇರೆ ದಾರಿ ಕಾಣದೆ, ಮಗಳು ಬಿಟ್ಟಲ್ಲಿಂದ ತನ್ನ ಫೋನಿನಲ್ಲಿ ತಾನೇ ಓದತೊಡಗಿದಳು. ಭಟ್ಕಳದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಪಿಯುಸಿಯ ಇಂಗ್ಲಿಷನ್ನು ನೆನಪಿಸಿಕೊಳ್ಳುತ್ತ, ಕಂಡಕ್ಟರ್ ಸೀಟಿನಲ್ಲಿ ಕೂತು ಎಡದಿಂದ ಬಲಕ್ಕೆ ಒಂದೊಂದೇ ಚೌಕಕ್ಕೆ ಬೆರಳಿಟ್ಟು ನೋಡುತ್ತಿದ್ದಳು. ಕತೆ ವಿಚಿತ್ರವಾಗಿತ್ತು. ಹುಡುಗಿ ಮೊದಲು ಉತ್ತರ ಕೊಡುತ್ತಿದ್ದಳು, ಆಮೇಲೆ ಅವನು ಕೇಳುತ್ತಿದ್ದ. ತಲೆಗೆ ಪೆಟ್ಟು ಬಿದ್ದವರ ಕತೆ, ಹೀಗೇ ಇರಬಹುದು ಎಂದುಕೊಂಡಳು.

ಒಂದು ದಿನ ಹಿಂದಿನ ಸೀಟಿನಲ್ಲಿ, ಹೊನ್ನಾವರದ ಮಗಳ ಮನೆಗೆ ಹೊರಟಿದ್ದ ಬುರ್ಖಾದ ಅಜ್ಜಿಯೊಬ್ಬರು ಬಗ್ಗಿ ನೋಡಿ ನಕ್ಕರು. "ಹುಡುಗ ಬಿದ್ದ ಮೇಲೆ ಜಾರ್ತಾನಾ ಅಮ್ಮಾ?"

"ನಂಗೂ ಅದೇ ಗೊತ್ತಾಗೂದಿಲ್ಲ ಬೀಬಿ."

"ಬಲಗಡೆಯಿಂದ ನೋಡಿ. ನಮ್ಮ ಉರ್ದು ಕಿತಾಬಿನ ಹಾಗೆ." ಅಜ್ಜಿ ಬೆರಳಿಟ್ಟು ತೋರಿಸಿದರು. ಹುಡುಗ ಜಾರಿದ, ಆಮೇಲೆ ಬಿದ್ದ. ಅವನು ಕೇಳಿದ, ಆಮೇಲೆ ಅವಳು ಹೇಳಿದಳು. ಮಂಗಲಾ ಐದು ವಾರದ ಕತೆಯನ್ನು ತಿರುಗಾ ಮುರುಗಾ ಓದಿದ್ದಳು.

ಆ ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟಳು. ಅರ್ಚಿತಾ ತುತ್ತು ಕೈಯಲ್ಲೇ ಹಿಡಿದು ತಾಯಿಯನ್ನು ನೋಡಿದಳು.

"ನೀ ಎಂತಕೆ ಓದ್ತೆ ಆಯಿ?"

"ನೀ ಬಿಟ್ಟೆಯಲೆ. ಯಾರಾದ್ರೂ ಒಬ್ರು ಅವನ ಬದಿಗೆ ಇರ್ಬೇಕಲ್ಲ."

"ಐದು ವಾರ ಎಡದಿಂದ?"

"ಐದು ವಾರ."

ಮಗಳು ನಕ್ಕಳು. ನಗು ನಿಲ್ಲದೆ ಅನ್ನ ನೆತ್ತಿಗೇರಿತು. ಮಂಗಲಾ ಬೆನ್ನು ತಟ್ಟಿ ನೀರು ಕುಡಿಸಿದಳು. ಕೈ ತೊಳೆದು ಬಂದ ಅರ್ಚಿತಾ, "ನೆನಪು ಬಂತಾ ಅವನಿಗೆ?" ಎಂದು ಗೋಡೆಯನ್ನು ಕೇಳಿದಂತೆ ಕೇಳಿದಳು.

ನೆನಪು ಬಂದಿತ್ತು. ಅಷ್ಟೇ ಅಲ್ಲ, ಆಗಸ್ಟಿನ ಕೊನೆಯ ಭಾನುವಾರ ಕೊನೆಯ ಅಧ್ಯಾಯವೆಂದು ಪ್ರಕಟಣೆಯೂ ಬಂತು. ಚೌತಿ ಹತ್ತಿರ, ಇಡಗುಂಜಿಯ ಗಣಪತಿ ಗುಡಿಗೆ ಹೆಚ್ಚುವರಿ ಬಸ್ಸು ಬಿಡುವ ಕಾಲ. ಆದರೂ ಮಂಗಲಾ ಡಿಪೋದಲ್ಲಿ ಗೋಗರೆದು ಒಂದು ದಿನದ ರಜೆ ಪಡೆದಳು. ಕಾರಣ ಕೇಳಿದ್ದಕ್ಕೆ "ಮನೆಯಲ್ಲಿ ಮಾತುಕತೆ ಇದೆ" ಎಂದಳು. ಸಾಹೇಬರು ಮಗಳ ಮದುವೆಯ ಮಾತುಕತೆ ಎಂದುಕೊಂಡು ಸಹಿ ಹಾಕಿದರು.

ಭಾನುವಾರ ಮಧ್ಯಾಹ್ನ ಇಬ್ಬರೂ ಜಗುಲಿಯಲ್ಲಿ ಕೂತರು. ಅರ್ಚಿತಾ ಪುಟ ತೆರೆದಳು. ಬಿಳಿ ಪುಟದ ಮಧ್ಯದಲ್ಲಿ ಎರಡು ಸಾಲು: ಕತೆಗಾರರಿಗೆ ಆರೋಗ್ಯ ಸರಿಯಿಲ್ಲ, ಈ ವಾರ ಬಿಡುವು.

ಅರ್ಚಿತಾಳ ಕಣ್ಣು ತುಂಬಿತು. "ನೋಡು ಆಯಿ. ಆ ಕತೆಗಾರ ಬೇಕಂತ್ಲೇ ಮಾಡ್ತಾನೆ. ನಿನ್ನ ರಜೆ ಹಾಳಾತು."

ಮಂಗಲಾ ಆ ಎರಡು ಸಾಲನ್ನು ಇನ್ನೊಮ್ಮೆ ಓದಿದಳು. "ಏಳು ವರ್ಷ ವಾರ ವಾರ ಬರೆದಾನಲೆ, ಪಾಪ. ಕೈ ಸೋತಿರ್ತದೆ. ಅವಂಗೂ ಒಂದು ಭಾನುವಾರ ಬೇಡವಾ?" ಎಂದು ಕಾಲು ಚಾಚಿ ಗೋಡೆಗೆ ಒರಗಿದಳು. ಮಾತು ಮುಗಿಯುವ ಮೊದಲೇ ನಿದ್ದೆ ಹತ್ತಿತು. ಎದ್ದಾಗ ಬಿಸಿಲು ಅಂಗಳದಾಚೆಗೆ ಹೋಗಿತ್ತು, ಅವಳ ಊದಿದ ಕಾಲುಗಳನ್ನು ಮಗಳು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುತ್ತಲೇ ಕಾಲೇಜಿನ ಕತೆ ಶುರುಮಾಡಿದಳು. ಗಣಿತದಲ್ಲಿ ಫೇಲಾದದ್ದು, ಅದನ್ನು ಎರಡು ತಿಂಗಳಿಂದ ಹೇಳಲಾಗದೆ ಒದ್ದಾಡಿದ್ದು. ಈ ಸಲ ಯಾವ ಕನ್ನಡಕದವನೂ ಮಧ್ಯದಲ್ಲಿ ಬರಲಿಲ್ಲ. ಮಂಗಲಾ ಬೈಯಲಿಲ್ಲ. "ಮತ್ತೆ ಬರೆದ್ರಾತು" ಎಂದಳು.

ಮರು ಭಾನುವಾರ ರಜೆ ಸಿಗಲಿಲ್ಲ. ಅರ್ಚಿತಾ ಫೋನು ತೆರೆಯದೆ ಕುಮಟಾ ನಿಲ್ದಾಣಕ್ಕೆ ಬಂದು ತಾಯಿಯ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಟಿಕೆಟ್ ಹರಿಯಲೇಬೇಕು. ಮಂಗಲಾ ಎಲ್ಲರ ಎದುರು ಮಗಳಿಗೂ ಹರಿದು ಕೊಟ್ಟಳು. "ಇವತ್ತೂ ಹೇಳದಿದ್ರೆ ಬಸ್ಸು ಜಪಾನಿಗೇ ತಿರುಗಿಸ್ತೆ" ಎಂದ ತಿಮ್ಮಪ್ಪ.

ಭಟ್ಕಳದಲ್ಲಿ ಬಸ್ಸು ಖಾಲಿಯಾಯಿತು. ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತು, ಬಲದಿಂದ ಎಡಕ್ಕೆ, ನಿಧಾನವಾಗಿ ಓದಿದರು. ಪಟಾಕಿ ಇಲ್ಲ, ರೈಲು ಇಲ್ಲ. ಹುಡುಗ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದ, ಹಿಂದೆ ತಿರುಗಿ ಹೇಳಿದ.

ಅರ್ಚಿತಾ ತಾಯಿಯ ಖಾಕಿ ತೋಳಿಗೆ ಮುಖ ಒತ್ತಿದಳು. ಹೊರಗೆ ಜನ ಹತ್ತತೊಡಗಿದರು. ಮಂಗಲಾ ಎದ್ದು ಟಿಕೆಟ್ ಮಷೀನು ಹೆಗಲಿಗೆ ಹಾಕಿಕೊಂಡಳು.

ಅವನು ಹೇಳಿದ ದಿನ ಅವಳು ಡ್ಯೂಟಿಯಲ್ಲಿದ್ದಳು. ಮಗಳಿಗೆ ಕೊಟ್ಟ ಮಾತು ನಡೆಯಲಿಲ್ಲ.