ಉಬ್ಬಿದ ಮಸಿ

"ಅಸಲಿ," ಎಂದರು ಮಾವ, ಸೊಸೆ ಚಿಮಟ ಕೈಗೆತ್ತಿಕೊಳ್ಳುವ ಮೊದಲೇ. "ಮ್ಯೂಸಿಯಂನವರು ಫೋನ್ ಮಾಡಿದ್ರು, ಹೇಳಿಬಿಟ್ಟೆ. ಸರ್ಟಿಫಿಕೇಟಿಗೆ ನೀನೊಂದು ಸಹಿ ಹಾಕಿಬಿಡಮ್ಮ. ಸಂಜೆ ಬಂದು ತಗೊಂಡು ಹೋಗ್ತಾರೆ."

ಹೊರಗಿನಿಂದ ಬಂದವಳು ಇನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ. ಹಳೆಯ ಅಂಚೆಚೀಟಿಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದು ಈ ಮನೆಯ ಕಸುಬು. ಮಾವ ಅದನ್ನು ಮಗನಿಗೆ ಕಲಿಸಲು ಹೋಗಿ ಸೋತು ಸೊಸೆಗೆ ಕಲಿಸಿದ್ದರು. ಕಲಿಸುವಾಗ ಎರಡು ಕಟ್ಟುಪಾಡು ಹಾಕಿದ್ದರು. ಚೀಟಿಯನ್ನು ಬರಿಗೈಯಲ್ಲಿ ಮುಟ್ಟಕೂಡದು. ತೀರ್ಪನ್ನು ಕಿರಿಯರು ಮೊದಲು ಹೇಳಬೇಕು, ಹಿರಿಯರು ಆಮೇಲೆ. ಇಲ್ಲದಿದ್ದರೆ ಕಿರಿಯರು ಹಿರಿಯರ ಮುಖ ನೋಡಿಕೊಂಡು ಮಾತಾಡುತ್ತಾರೆ. ಇವತ್ತು ಎರಡನೆಯದನ್ನು ಅವರೇ ಮುರಿದಿದ್ದರು.

"ಒಂದ್ಸಲ ನೋಡಿಬಿಡ್ತೀನಿ ಮಾವ."

"ನೋಡು, ನೋಡು. ಬೇಡ ಅಂದ್ನಾ?"

ದೂರದ ದ್ವೀಪವೊಂದರ ವಸಾಹತು ಸರ್ಕಾರ ಅಂಚೆಚೀಟಿ ಶುರುಮಾಡಿದ ಮೊದಲ ವರ್ಷದ್ದು ಅದು. ನೀಲಿ ಬಣ್ಣ, ಎಳೆಪ್ರಾಯದ ರಾಣಿಯ ಮುಖ. ಅಂಚಿನಲ್ಲಿ ತೂತುಗಳಿಲ್ಲ, ಹಾಳೆಯಿಂದ ಕತ್ತರಿಸಿ ಮಾರುತ್ತಿದ್ದ ಕಾಲದ್ದು. ಇಂಥವು ಉಳಿದಿರುವುದು ಬೆರಳೆಣಿಕೆಯಷ್ಟು. ಮ್ಯೂಸಿಯಂನಲ್ಲಿ ಆಗಲೇ ಗಾಜಿನ ಪೆಟ್ಟಿಗೆ ಸಿದ್ಧವಾಗಿತ್ತು. ಅದರೊಳಗೆ ಚೀಟಿಯ ಪಕ್ಕದಲ್ಲೇ ಮಾವನ ಹೆಸರಿನ ಪ್ರಮಾಣಪತ್ರವೂ ಇರಲಿತ್ತು.

ಅವಳು ದೀಪವನ್ನು ಓರೆಯಾಗಿ ಬಗ್ಗಿಸಿದಳು. ಮೊದಲು ಕಂಡದ್ದು ರಾಣಿಯ ಕೆನ್ನೆಯ ಮೇಲಿದ್ದ ತೆಳು ಜಿಡ್ಡು. ತಂದುಕೊಟ್ಟವರ ಕೈ ತಗುಲಿರಬೇಕು ಅಂದುಕೊಂಡು ಭೂತಗನ್ನಡಿಗೆ ಕಣ್ಣಿಟ್ಟಳು. ತಾಮ್ರದ ಹಲಗೆಯಲ್ಲಿ ಗೆರೆ ಕೊರೆದು, ಗೆರೆಗೆ ಮಸಿ ತುಂಬಿ ಕಾಗದ ಒತ್ತಿದರೆ ಮಸಿ ಸಣ್ಣ ಏಣುಗಳಾಗಿ ನಿಲ್ಲುತ್ತದೆ. ಚಪ್ಪಟೆ ಅಚ್ಚಿನ ನಕಲಿಯಲ್ಲಿ ಅದು ಇರುವುದಿಲ್ಲ. ಇದರಲ್ಲಿ ಇತ್ತು. ಆದರೆ ಆ ಏಣುಗಳು ಚೂಪಾಗಿರದೆ ಸುಟ್ಟ ಬೊಬ್ಬೆಯ ಹಾಗೆ ದುಂಡಗೆ ಊದಿಕೊಂಡು ಹೊಳೆಯುತ್ತಿದ್ದವು. ಕಣ್ಣಿನ ಕೆಳಗಿನ ನವುರು ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಸಿ ಮಸಿಯ ಮೇಲೆ ರಾಳದ ಪುಡಿ ಉದುರಿಸಿ ಕಾಯಿಸಿದ್ದರು. ಆಮಂತ್ರಣ ಪತ್ರಿಕೆಗಳಲ್ಲಿ ಅಕ್ಷರ ಉಬ್ಬಿಸುವುದೂ ಹೀಗೆಯೇ. ಮಾವನೇ ಶುರುವಿನಲ್ಲಿ ಹೇಳಿಕೊಟ್ಟ ಪಾಠ. ಭೂತಗನ್ನಡಿಯಲ್ಲಿ ನೋಡಿದವರಾರೂ ಇದಕ್ಕೆ ಮೋಸಹೋಗುವುದಿಲ್ಲ. ಬೆರಳು ಮಾತ್ರ ಮೋಸಹೋಗಬಲ್ಲದು.

ಅವಳು ತಲೆಯೆತ್ತಿದಳು. ಮಾವ ಕಿಟಕಿಯ ಕಡೆ ತಿರುಗಿ ಕೂತು, ತೋರುಬೆರಳ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದರು.

ಇತ್ತೀಚೆಗೆ ಅವಳು ತೀರ್ಪು ಹೇಳಿದ ಕೂಡಲೇ ಮಾವ "ನನ್ನದೂ ಅದೇ" ಎಂದು ಮುಗಿಸಿಬಿಡುತ್ತಿದ್ದರು. ತಾನು ಪಳಗಿದ್ದೇನೆ ಎಂದು ಒಳಗೊಳಗೇ ಬೀಗಿದ್ದಳು. ಮೊನ್ನೆ ಅತ್ತೆ ಹೇಳಿದ್ದೂ ನೆನಪಾಯಿತು. "ಬಾಗಿಲಲ್ಲಿ ನಿಂತಿದ್ದೆ ಕಣೇ. ನಿಮ್ಮ ಮಾವ ನನ್ನೇ ನೋಡಿ, ಯಾರು ಬೇಕಿತ್ತು ಅಂತಾರೆ. ಇಷ್ಟು ವರ್ಷ ಆದ್ಮೇಲೆ ಏನು ಹೇಳ್ಲಿ? ನೀವೇ ಅಂದೆ." ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಸಹಿ ಹಾಕಿದರೆ ಮಾವನ ಮಾತು ಉಳಿಯುತ್ತದೆ, ನಕಲಿಯೊಂದು ಗಾಜಿನ ಪೆಟ್ಟಿಗೆ ಸೇರುತ್ತದೆ. ಹಾಕದಿದ್ದರೆ ಈ ಮೇಜಿನ ಮುಂದೆ ಅವರು ಇನ್ನು ಕೂರುವಂತಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

"ಮಾವ, ನಾನಿನ್ನೂ ಹೇಳಿಲ್ಲ."

"ಹೇಳು."

"ನಕಲಿ."

"ಮಸಿ ಉಬ್ಬಿದೆಯಲ್ಲಮ್ಮ."

"ಉಬ್ಬಿದೆ. ಪುಡಿ ಹಾಕಿ ಕಾಯಿಸಿದ್ದು, ಗೆರೆಗೆ ಅಂಚೇ ಇಲ್ಲ." ಭೂತಗನ್ನಡಿ ಕೆಳಗಿಟ್ಟು ಹೇಳಿದಳು: "ಕೆನ್ನೆ ಮೇಲೆ ಬೆರಳಿನ ಗುರುತಿದೆ."

ಹೆಬ್ಬೆರಳು ನಿಂತಿತು.

"ಯಾರೇ ಅದು ಅಷ್ಟು ದಡ್ಡ, ಬರಿಗೈಯಲ್ಲಿ..." ಬೈಯಲು ಹೊರಟ ದನಿ ಅರ್ಧದಲ್ಲೇ ಉಡುಗಿತು. ಆಮೇಲೆ ಮಾವ ಹೇಳಿದರು: "ಯಾವುದನ್ನ ನೋಡ್ಬೇಕು ಅಂತ ಕಣ್ಣಿಡ್ತೀನೋ ಅದೇ ಮಾಯ. ಸುತ್ತ ಇರೋದೆಲ್ಲ ಕಾಣುತ್ತೆ."

"ಡಾಕ್ಟರಿಗೆ ತೋರಿಸ್ಬಾರದಿತ್ತಾ?"

"ತೋರಿಸಿದ್ರೆ ಅವರೂ ತೀರ್ಪು ಹೇಳ್ತಾರಲ್ಲ."

ಅವಳಿಗೆ ನಗು ಬಂತು. ಮಾವ ಕೈ ಚಾಚಿದರು. "ಫೋನ್ ಕೊಡು. ನಂಬರ್ ನೀನೇ ಒತ್ತು."

ಮ್ಯೂಸಿಯಂನವರ ಹತ್ತಿರ ಅವರು ಹೆಚ್ಚು ಮಾತಾಡಲಿಲ್ಲ. "ಬೆಳಿಗ್ಗೆ ನಾನು ಹೇಳಿದ್ದು ತಪ್ಪಾಯ್ತು. ನಕಲಿ ಅದು. ಇಲ್ಲ, ಸೊಸೆ ನೋಡಿದ್ದು. ನಾನು ನೋಡಿರಲಿಲ್ಲ." ಆ ಕಡೆಯಿಂದ ಏನೋ ಕೇಳಿದರು. "ಹೂಂ. ಇನ್ನು ಮುಂದೆ ಅವಳದೊಂದೇ ಸಹಿ ಇರುತ್ತೆ."

ಅತ್ತೆ ಟೀ ತಂದರು. ಏನಾಯಿತೆಂದು ಕೇಳಲಿಲ್ಲ. ಸೊಸೆಯ ಮುಂದೊಂದು ಕಪ್ಪು ಇಟ್ಟು, ಇನ್ನೊಂದನ್ನು ಮಾವನ ಬಲಗೈ ಪಕ್ಕ ಇಟ್ಟರು. ಆಮೇಲೆ, ದಿನಾ ಮಾಡುವ ಕೆಲಸದ ಹಾಗೆ, ಕಪ್ಪಿನ ಹಿಡಿಯನ್ನು ಅವರ ಬೆರಳುಗಳ ಕಡೆಗೆ ತಿರುಗಿಸಿದರು. ಮಾವ ಕಿಟಕಿಯತ್ತಲೇ ಮುಖ ಮಾಡಿಕೊಂಡು ಕೈ ಚಾಚಿದರು. ಹಿಡಿ ಅಲ್ಲೇ ಇತ್ತು.