ಟೀಚರ್ ಮಗಳ ಸಾಲಕ್ಕೆ ಚೆಕ್ ಬರೆಯುವ ಮುನ್ನ

ನಮ್ಮ ಜನಕ್ಕೆ ಸಾಲ ಅಂದರೆ ಮೈಮೇಲೆ ಹಲ್ಲಿ ಬಿದ್ದ ಹಾಗೆ. ಕೊಡವಿಕೊಳ್ಳುವ ತನಕ ಸಮಾಧಾನವಿಲ್ಲ. ವಾಷಿಂಗ್ಟನ್ ಹತ್ತಿರದ ರೆಸ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ತ್ಯಾಗರಾಜ ಅವರು ೧೯೯೮ರಲ್ಲಿ ಮಾಡಲು ಹೊರಟಿದ್ದೂ ಅದನ್ನೇ. ಮಗಳು ನಿಧಿಯ ನಿಶ್ಚಿತಾರ್ಥಕ್ಕೆ ಮುಂಚೆ ಅವಳ ಕಾಲೇಜು ಸಾಲವನ್ನು ಒಂದೇ ಏಟಿಗೆ ಕಟ್ಟಿಬಿಡಬೇಕು ಎಂಬ ಹಟ.

ನಿಧಿ ವಾಷಿಂಗ್ಟನ್ನಿನ ಬಡ ಬಡಾವಣೆಯೊಂದರ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಸಾಲ ಕಟ್ಟಿ ಬರಿದಾಗುವ ಅಪ್ಪನ ಉಳಿತಾಯವನ್ನು ಮತ್ತೆ ತುಂಬಲು ಅವಳು ಶಾಲೆ ಬಿಟ್ಟು ಶ್ಯಾಂಟಿಲಿಯ ಕಂಪ್ಯೂಟರ್ ಕಂಪನಿಗೆ ಸೇರಬೇಕಂತೆ. ಹುಡುಗಿ ಊಟ ಬಿಟ್ಟು ಕೂತಿದ್ದಾಳೆ ಎಂದು ಅವಳ ತಾಯಿ ವಸಂತಾ ನನ್ನನ್ನು ಕರೆದರು. ನಾನು ಜಯಾ, ನರ್ಸ್. ಇಲ್ಲೇ ಸಾಲ ಮಾಡಿ ಓದಿದವಳು.

"ಇದು ಗವರ್ನಮೆಂಟ್ ದುಡ್ಡಲ್ಲಿ ಕಾಲೇಜೇ ಕೊಡೋ ಪರ್ಕಿನ್ಸ್ ಸಾಲ ತಾನೇ? ಬಡ ಮಕ್ಕಳ ಶಾಲೇಲಿ ಫುಲ್‌ಟೈಮ್ ಪಾಠ ಮಾಡಿದ್ರೆ ವರ್ಷಾ ವರ್ಷಾ ಸ್ವಲ್ಪ ಮನ್ನಾ ಆಗತ್ತೆ. ಐದು ವರ್ಷಕ್ಕೆ ಪೂರ್ತಿ ಹೋಗತ್ತೆ. ನರ್ಸ್‌ಗೂ ಇದೆ, ನಂದು ಹಾಗೇ ಕರಗ್ತಾ ಇದೆ" ಎಂದೆ.

"ಮನ್ನಾ ಎಲ್ಲ ಕೈಲಾಗದವ್ರಿಗೆ ಕಣಮ್ಮ. ಗವರ್ನಮೆಂಟ್ ಹತ್ರ ಕೈಯೊಡ್ಡಿದ್ವಿ ಅಂತ ಬೀಗರಿಗೆ ಹೇಳ್ಲಾ? ಅಂಥದ್ದೊಂದು ಇದ್ದಿದ್ರೆ ನಮ್ಮ ಆಫೀಸಲ್ಲಿ ಯಾರಾದ್ರೂ ಹೇಳ್ತಿದ್ರು" ಎಂದರು ತ್ಯಾಗರಾಜ ಅವರು.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ನಿಮ್ಮ ಆಫೀಸಲ್ಲಿ ಎಷ್ಟು ಜನ ಟೀಚರ್ ಇದಾರೆ, ಹೇಳಿ? ಈಗ ಕಟ್ಟಿದ್ದು ವಾಪಸ್ ಬರಲ್ಲ, ಅಷ್ಟು ತಿಳ್ಕೊಳ್ಳಿ."

ಇಷ್ಟಾದರೂ ಆ ಮಹಾನುಭಾವರು ಚೆಕ್ ಬುಕ್ ತೆರೆದರು. ಆದರೆ ಮನೆಯಲ್ಲಿ ಒಂದೂ ಪೆನ್ನಿಲ್ಲ.

"ಪೆನ್ನೆಲ್ಲ ಎಲ್ಲಿ ಹೋಯ್ತೇ?"

"ತೊಗರಿಬೇಳೆ ಡಬ್ಬದಲ್ಲಿದೆ. ಮೊದ್ಲು ಮಗಳ ಮಾತು ಕೇಳಿ, ಆಮೇಲೆ ಕೊಡ್ತೀನಿ" ಎಂದರು ವಸಂತಾ.

ನಿಧಿ ಮೆಟ್ಟಿಲಿಳಿದು ಬಂದಳು. "ಅಪ್ಪ, ನನಗೆ ಯಾರೂ ಫ್ರೀ ಕೊಡ್ತಿಲ್ಲ. ಆ ಮಕ್ಕಳಿಗೆ ಲಾಸ್ಟ್ ಇಯರ್ ಮ್ಯಾಥ್ ಟೀಚರೇ ಇರ್ಲಿಲ್ಲ. ಅಲ್ಲಿಗೆ ಯಾರೂ ಬರಲ್ಲ. ನಾನು ದಿನಾ ಹೋಗ್ತೀನಿ. ದಟ್ಸ್ ಹೌ ಐ ಪೇ."

ತ್ಯಾಗರಾಜ ಅವರು ಚೆಕ್ ಬುಕ್ ಮಡಿಸಿ, "ಬೀಗರಿಗೆ ಏನ್ ಹೇಳೋದು?" ಎಂದರು.

"ಈಗ ಅವಳು ಹೇಳಿದ್ಳಲ್ಲ, ಅದನ್ನೇ ಹೇಳಿ" ಎಂದರು ವಸಂತಾ.

"ಸರಿ. ಎಲ್ಲಿ ಅಪ್ಲೈ ಮಾಡ್ಬೇಕು ಜಯಾ?"

"ಸಾಲ ಕೊಟ್ಟ ಕಾಲೇಜಿಗೆ. ಪ್ರತಿ ವರ್ಷ, ಶಾಲೆಯವರ ಸಹಿ ಹಾಕಿಸಿ." ಅಬ್ಬಾ, ಇಷ್ಟು ಹೇಳಿಸಿಕೊಳ್ಳಲು ಒಂದು ಸಂಜೆ ಬೇಕಾಯಿತು. ಸೋಮವಾರ ನಿಧಿ ಎಂದಿನಂತೆ ಶಾಲೆಗೆ ಹೋದಳು.

ಟೀಚರ್, ನರ್ಸ್ ಮಕ್ಕಳಿರುವ ಅಪ್ಪ ಅಮ್ಮಂದಿರೇ, ಎಲ್ಲ ಸಾಲಕ್ಕೂ, ಎಲ್ಲ ಶಾಲೆಗೂ ಈ ಮನ್ನಾ ಇಲ್ಲ. ನಿಮ್ಮ ಮಗುವಿನದು ಯಾವ ಸಾಲ ಎಂದು ಮೊದಲು ಕಾಲೇಜಿಗೆ ಫೋನ್ ಮಾಡಿ ಕೇಳಿ. ಬಡ್ಡಿ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದರೆಂದು ಪರ್ಕಿನ್ಸ್ ಸಾಲವನ್ನು ಬೇರೆ ಸಾಲಗಳ ಜೊತೆ ಸೇರಿಸಬೇಡಿ, ಸೇರಿಸಿದರೆ ಮನ್ನಾ ತಪ್ಪಿಹೋಗುತ್ತದೆ. ಮರ್ಯಾದೆ ಹೋಗುತ್ತದೆಂಬ ಭಯವನ್ನಂತೂ ಬಿಟ್ಟುಬಿಡಿ. ಮಗಳು ದುಡಿದು ತೀರಿಸುತ್ತಿರುವ ಸಾಲವನ್ನು ನೀವು ಇನ್ನೊಂದು ಸಲ ತೀರಿಸಬೇಕಾಗಿಲ್ಲ.