ಬಾಲದ ಫ್ಯಾನಿನ ಕುಂಕುಮ

ಬಿರುಕು ಹುಡುಕಲು ಬಾಲದ ಫ್ಯಾನಿಗೆ ಹೊಡೆದ ಬಿಳಿ ಪುಡಿ ಒಣಗುತ್ತಿದೆ, ಅದರ ಮೇಲೆ ಕೂದಲೆಳೆಯಷ್ಟು ಕೆಂಪು ಮೂಡುತ್ತಿದೆ, ಕುಂಕುಮವೇ ಇರಬೇಕು, ನಿನ್ನೆ ಆಯುಧಪೂಜೆ, ಹೆಲಿಕಾಪ್ಟರಿನ ಮೂತಿಗೆ, ಬಾಗಿಲಿಗೆ, ಬಾಲದ ಫ್ಯಾನಿನ ಬುಡಕ್ಕೂ ಕ್ಲೀನರ್ ಪಂಪಣ್ಣ ಎಣ್ಣೆ ಕಲಸಿ ಬಳಿದ, ಅಲ್ಲಿ ಬ್ಯಾಡ ಅನ್ನಬೇಕಿತ್ತು, ನಾನೂ ಕೈಮುಗಿದು ನಿಂತಿದ್ದೆ — ಬಿರುಕಿದ್ದರೂ ಹೀಗೇ ಕಾಣುತ್ತದೆ, ಪುಡಿಗೆ ಮೊದಲು ಹಚ್ಚಿ ಒರೆಸುವ ಕೆಂಪು ಬಣ್ಣ ಸಂದಿಗೆ ಇಳಿದು ಬಿಳಿಯ ಮೇಲೆ ಜಿನುಗುತ್ತದೆ, ಕೈಪಿಡಿಯಲ್ಲಿ ಬಿರುಕಿನ ಫೋಟೊ ಇದೆ, ಕುಂಕುಮದ್ದು ಇಲ್ಲ. ಮೂಕಣ್ಣ ಇದ್ದಿದ್ದರೆ ಉಗುರಲ್ಲಿ ಕೆರೆದೇ ಹೇಳುತ್ತಿದ್ದರು, ಮೂವತ್ತು ವರ್ಷದ ಉಗುರು, ಕಂಪನಿ ಅವರನ್ನು ಮನೆಗೆ ಕಳಿಸಿ ಅಗ್ಗಕ್ಕೆ ನನ್ನನ್ನು ತಂದಿತು, ಎರಡು ವರ್ಷದ ಲೈಸೆನ್ಸು, ಇಂಜಿನಿಯರ್ ಗಂಗಾ ಅಂತ ಬ್ಯಾಡ್ಜು, ಎಮ್ಮಿಗನೂರಲ್ಲಿ ಅವ್ವ ಅದನ್ನು ಓಣಿಗೆಲ್ಲ ತೋರಿಸಿದಳು, ಮಷಿನು ನನಗಿಂತ ಹನ್ನೊಂದು ವರ್ಷ ದೊಡ್ಡದು ಅಂತ ನಾನು ಅವಳಿಗೆ ಹೇಳಲಿಲ್ಲ. ಒಮ್ಮೆ ತೊಳೆದು ಮತ್ತೆ ಪುಡಿ ಹೊಡೆದಿದ್ದೆ, ಮತ್ತೆ ಬಂದಿದೆ, ಇಷ್ಟು ತೆಳ್ಳಗೆ, ಇಷ್ಟು ನೆಟ್ಟಗೆ, ಪಂಪಣ್ಣನ ಬೆರಳು ಇಷ್ಟು ನೆಟ್ಟಗೆ ಎಳೆಯುತ್ತದಾ — ಪುಡಿಯ ಸ್ಪ್ರೇ ಡಬ್ಬಿ ಖಾಲಿ, ಅಲುಗಾಡಿಸಿದರೆ ಒಳಗಿನ ಗೋಲಿ ಮಾತ್ರ ಸದ್ದು ಮಾಡುತ್ತದೆ, ಹೊಸ ಡಬ್ಬಿ ಸೋಮವಾರ, ಬದಲಿಸೋಣವೆಂದರೆ ಇಂಥ ಫ್ಯಾನು ಈಗ ಯಾವ ದೇಶದಲ್ಲೂ ಮಾಡುವುದಿಲ್ಲ. ಮ್ಯಾನೇಜರ್ ಶ್ರೀಪತಿ ಹಿಂದೆ ಬಂದು ನಿಂತಿದ್ದಾರೆ, ಏನ್ರಿ ಗಂಗಾ, ಹೆಣ್ಣು ನೋಡಾಕ ಬಂದಂಗ ಕುಂತೀರಲ್ಲ, ಕುಂಕುಮ ರೀ ಅದು, ಒರಸ್ರಿ ಜಲ್ದಿ, ಹಂಪಿ ನೋಡೋ ಮಂದಿ ಬಿಸಲಾಗ ನಿಂತಾರ. ತೊಳದ್ರೂ ಬಂತ್ರಿ ಸರ್. ಹಂಗಾದ್ರ ಬಿರುಕು ಅಂತ ಬರದು ಕೊಡ್ರಿ, ನಾ ನಿಲ್ಲಸ್ತೀನಿ, ಬರೀರಿ. ಏನಂತ ಬರೆಯಲಿ, ಬಿರುಕು ಅಂತ ಬರೆದು ಅದು ಕುಂಕುಮವಾದರೆ ನಾಳೆಯಿಂದ ಯಾವ ಕಂಪನಿಯೂ ನನ್ನನ್ನು ಇಟ್ಟುಕೊಳ್ಳುವುದಿಲ್ಲ, ಕುಂಕುಮಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ, ಗೊತ್ತಿಲ್ಲ ಅನ್ನುವುದಕ್ಕೂ ಇಲ್ಲ, ಹಾರಬಹುದು, ಹಾರಬಾರದು, ಎರಡೇ ಚೌಕ. ಪೈಲಟ್ ವ್ಯಾಸರಾಜ ಸರ್ ಫ್ಯಾನಿನ ಕಡೆ ನೋಡಲೂ ಇಲ್ಲ, ನಿನ್ನ ಸಹಿ ಇರ್ತೈತಲ್ಲವ್ವ, ನನಗ ಅಷ್ಟು ಸಾಕು, ನೀ ನೋಡೀನಿ ಅಂದ್ರ ಮುಗೀತು. ನೋಡಿದ್ದೇನೆ, ನೋಡಿದ್ದೇ ತಪ್ಪು. ಒರೆಸಿದೆ, ಒತ್ತಿ ಒರೆಸಿದೆ, ಬಿಳಿಯೂ ಹೋಯಿತು ಕೆಂಪೂ ಹೋಯಿತು, ಹಾರಬಹುದು ಅನ್ನುವ ಚೌಕದಲ್ಲಿ ಸಹಿ ಹಾಕಿದೆ, ಸಲೀಸಾಗಿ ಬಂತು — ಸೆರಗನ್ನು ತಲೆಗೆ ಬಿಗಿದು ಒಬ್ಬಳು ಹತ್ತುತ್ತಿದ್ದಾಳೆ, ನಗುತ್ತಿದ್ದಾಳೆ, ಅವಳ ಹಿಂದೆ ಗಂಡ, ಬಾಗಿಲು ಬಿತ್ತು, ಇಂಜಿನ್ನು, ಧೂಳು, ಬಾಲದ ಫ್ಯಾನು ತಿರುಗಿ ತಿರುಗಿ ಕಾಣದಾಯಿತು, ಬರೀ ಗಾಳಿ, ದುಂಡಗಿನ ಗಾಳಿ, ಅದರ ನಡುವೆ ನಾನು ಒರೆಸಿದ ಗೆರೆ ಮಾತ್ರ ತಿರುಗುತ್ತಿಲ್ಲ, ನಿಂತಿದೆ, ಕೆಂಪಗೆ, ನೆಟ್ಟಗೆ, ನಿಂತಿದೆ